ಇನ್ನೆರಡು ವರ್ಷದ ಮಾತ್ರೆ

ಎಡಮೊಲೆಯ ಕ್ಯಾನ್ಸರ್ ಗಂಟು ತೆಗೆಸಿ, ರೇಡಿಯೇಶನ್ ಅನ್ನುವ ಕರೆಂಟು ಕೊಡಿಸಿಕೊಂಡು, ದಿನಕ್ಕೊಂದು ಹಾರ್ಮೋನ್ ಮಾತ್ರೆ ನುಂಗಲು ಶುರು ಮಾಡಿ ಐದು ವರ್ಷ ತುಂಬಿತ್ತು. ಐದು ವರ್ಷ ಅಂತಲೇ ಮೊದಲಿದ್ದ ಡಾಕ್ಟರು ಹೇಳಿದ್ದು. ಇದೇ ಕೊನೆಯ ಸಲ ಎಂದುಕೊಂಡು ಅರಳಗುಪ್ಪೆಯಿಂದ ತುಮಕೂರಿಗೆ ಹೋದರೆ, ಅವರ ಕುರ್ಚಿಯಲ್ಲಿ ಹೊಸ ಹುಡುಗಿ. ಬೆಂಗಳೂರಿನವಳಂತೆ.

“ಇಲ್ಲಿಗೇ ನಿಲ್ಲಿಸಬಹುದು ರಾಮಕ್ಕ, ಇನ್ನೆರಡು ವರ್ಷ ಮುಂದುವರಿಸಲೂಬಹುದು. ಕಂಕುಳಲ್ಲೂ ಗಂಟಿತ್ತಲ್ಲ, ಮುಂದುವರಿಸಿದರೆ ಮತ್ತೆ ಬರೋ ಸಾಧ್ಯತೆ ಸ್ವಲ್ಪ ಕಮ್ಮಿ. ನೀವೇ ಹೇಳಿ.”

ನನ್ನ ಗಂಡ ವೆಂಕಟಯ್ಯನ ಕಡೆ ನೋಡಿದೆ. “ನಿನ್ನಿಷ್ಟ ಕಣೇ” ಅಂದ. ನನ್ನ ಸೀರೆಯ ಬಣ್ಣಕ್ಕೂ ತಕರಾರು ತೆಗೆಯುವ ಗಂಡಸಿಗೆ ಇವತ್ತು ನನ್ನಿಷ್ಟ! ಮೈಯೆಲ್ಲ ಉರಿಯಿತು.

“ನಿಲ್ಸಿಬುಡಿ ಡಾಕ್ಟ್ರಮ್ಮ. ಈ ಮಾತ್ರೆಗೆ ಗೆಣ್ಣು ಗೆಣ್ಣೂ ನೋವು. ಬದುಕೇ ಮಾಡಾಕಾಗ್ತಿಲ್ಲ” ಅಂದೆ.

ಹುಡುಗಿ ಪೆನ್ನು ಕೆಳಗಿಟ್ಟಳು. ಗಂಡನನ್ನು ಹೊರಗೆ ಕಳಿಸಿದಳು. ನನ್ನ ಕೈ ಹಿಡಿದು ಮೆತ್ತಗೆ, “ಸತ್ತುಹೋಗೋಣ ಅಂತ ಅನ್ನಿಸ್ತಾ ಇರುತ್ತಾ?” ಎಂದಳು.

“ಥೂ, ಬುಡ್ತು ಅನ್ನಿ! ಸಾಯಾಕೆ ನಂಗೇನ್ ಬಂದದೆ? ನಾನ್ಯಾಕ್ರೀ ಸಾಯ್ಲಿ!”

ಕೂಗಿದ್ದು ಹೊರಗಿನ ಬೆಂಚಿನವರಿಗೂ ಕೇಳಿಸಿರಬೇಕು.

“ಬದುಕೋಕಾಗ್ತಿಲ್ಲ ಅಂದ್ರಲ್ಲ?”

“ಬದುಕು ಅಂದ್ರೆ ಕೆಲ್ಸ ಕಣವ್ವ. ನಮ್ ಕಡೆ ಹಂಗೇ ಅನ್ನಾದು. ಮಚ್ಚು ಹಿಡ್ದು, ಚಿಪ್ಪು ಒಡ್ದು ಕೊಬ್ರಿ ಬಿಡ್ಸಾಕಾಗ್ತಿಲ್ಲ.”

ಅವಳು ನಕ್ಕಳು. ನನಗೂ ನಗು ಬಂತು, ಅದರ ಹಿಂದೆಯೇ ಅಳು. ಚಿಪ್ಪಿನೊಳಗಿನ ಉಂಡೆ ಸೀಳದ ಹಾಗೆ ಇಡಿಯಾಗಿ ಕೊಬ್ಬರಿ ಬಿಡಿಸುವುದರಲ್ಲಿ ಊರಿಗೇ ನಾನು ಮುಂದು. ಮಾತ್ರೆ ಬಿಟ್ಟರೆ ಆ ಕೈ ನನಗೆ ವಾಪಸು ಸಿಗಬಹುದು. ಆದರೆ ಈಗಷ್ಟೇ ಹಾಗೆ ಕೂಗಿದವಳೂ ನಾನೇ. ಒಳಗೆ ಸಾವಿನ ಹೆದರಿಕೆ ಅಷ್ಟೊಂದು ಇತ್ತೆಂದು ನನಗೇ ಗೊತ್ತಿರಲಿಲ್ಲ.

“ಇನ್ನೆರಡು ವರ್ಷ ತಗಂಡ್ರೆ ಗಂಟು ಮತ್ತೆ ಬರಾದೇ ಇಲ್ವಾ?”

“ಹಾಗಂತ ಹೇಳೋಕಾಗಲ್ಲ. ನಿಮ್ಮಂಥ ನೂರು ಜನರಲ್ಲಿ ಕೆಲವರಿಗೆ ಉಪಯೋಗ ಆಗಬಹುದು. ಆ ಕೆಲವರಲ್ಲಿ ನೀವಿದ್ದೀರಾ ಅನ್ನೋದು ಯಾವ ಟೆಸ್ಟಲ್ಲೂ ಗೊತ್ತಾಗಲ್ಲ. ನೋವು ಕಮ್ಮಿಯಾಗೋಕೆ ಈ ಮಾತ್ರೆ ಬದಲು ಅದೇ ಥರದ ಬೇರೆ ಮಾತ್ರೆ ಕೊಟ್ಟು ನೋಡೋಣ. ತಡೆಯೋಕಾಗದಿದ್ರೆ ಯಾವಾಗ ಬೇಕಾದ್ರೂ ನಿಲ್ಲಿಸಬಹುದು.”

ಗಂಡನನ್ನು ಒಳಗೆ ಕರೆದಳು. ನಾನು ಕೂಗಿದ್ದು ಕೇಳಿಸಿತ್ತೇನೋ, ಅವನ ಕಣ್ಣು ಕೆಂಪಗಿತ್ತು.

“ಎರಡು ವರ್ಷಕ್ಕೆ ಬರೀರಿ” ಎಂದೆ. “ಬದುಕ ಇವಯ್ಯ ಮಾಡ್ಲಿ. ನಾನು ಬದುಕ್ತೀನಿ.”