ಮೊಳೆ ಡಬ್ಬಿ

ನನ್ನ ಗಂಡ ಪೇಂಟ್ ಅಂಗಡಿಯಲ್ಲಿ ಬಣ್ಣ ಬೆರೆಸುವವರು. ಗೋಡೆಯಿಂದ ಉಗುರಗಲದ ಚಕ್ಕೆ ಕಿತ್ತು ತಂದುಕೊಟ್ಟರೆ ಸಾಕು, ಬೆಳಕಿಗೆ ಹಿಡಿದು ನೋಡಿ ಅದೇ ಬಣ್ಣ ಕಲಸಿಕೊಡುತ್ತಾರೆ. ಅಂಗಡಿಯಲ್ಲಿ ಯಂತ್ರವೂ ಇದೆ. ಆದರೆ ಹಳೇ ಗಿರಾಕಿಗಳು ಯಂತ್ರವನ್ನು ನಂಬುವುದಿಲ್ಲ, "ಶೇಡ್ ಸಾಹೇಬ್ರನ್ನ ಕರೀರಿ" ಎನ್ನುತ್ತಾರೆ. ಇಂಥ ಕಣ್ಣಿನವರಿಗೆ ಮನೆಯಲ್ಲಿ ಮೂಗಿನ ಮುಂದಿರುವ ಚಪ್ಪಲಿ ಕಾಣುವುದಿಲ್ಲ, ಅದು ಬೇರೆ ಮಾತು.

ನಮ್ಮಿಬ್ಬರಿಗೂ ಎಚ್‌ಐವಿ ಇದೆ. ಪರಿಚಯವಾದದ್ದೇ ಕ್ಲಿನಿಕ್ಕಿನ ಬೆಂಚಿನ ಮೇಲೆ. ದಿನಾ ತಪ್ಪದೆ ಮಾತ್ರೆ ನುಂಗಿ ಇಬ್ಬರೂ ಗುಂಡುಕಲ್ಲಿನ ಹಾಗಿದ್ದೆವು. ನಮ್ಮ ಜೊತೆಗೇ ಇದ್ದ ಅತ್ತೆಗೆ ಮಾತ್ರ ವಿಷಯ ಗೊತ್ತಿರಲಿಲ್ಲ. ಮಾತ್ರೆಗಳನ್ನು ಪೇಂಟಿನ ಪುಟ್ಟ ಡಬ್ಬಿಯಲ್ಲಿಟ್ಟು, ಅದರಲ್ಲಿ ಮೊಳೆ ಇವೆ ಎಂದು ಹೇಳಿದ್ದೆವು. ಊಟವಾದ ಮೇಲೆ ಒಬ್ಬರಾದ ಮೇಲೊಬ್ಬರು ಹೋಗಿ ಡಬ್ಬಿ ಅಲ್ಲಾಡಿಸಿ ಬರುತ್ತಿದ್ದೆವು.

"ದಿನಾ ಮೊಳೆ ಹುಡುಕ್ತೀರಿ, ಗೋಡೆ ಮೇಲೆ ನೋಡಿದ್ರೆ ಒಂದು ಫೋಟೋನೂ ಇಲ್ಲ," ಎಂದು ಅತ್ತೆ ಕಾಲೆಳೆಯುತ್ತಿದ್ದರು.

ನಮ್ಮಿಂದ ಅವರಿಗೇನೂ ತಗುಲಬಾರದು ಎಂಬುದೊಂದೇ ನಮ್ಮ ಜಪ. ಇವರ ರೇಜರು ಬೇರೆ, ಉಗುರು ಕತ್ತರಿ ಬೇರೆ. ಟವೆಲಿನಿಂದ ಏನೂ ಬರುವುದಿಲ್ಲ ಎಂದು ಗೊತ್ತಿದ್ದರೂ ನಮ್ಮದನ್ನು ನಾನು ಬೇರೆಯೇ ಒಗೆಯುತ್ತಿದ್ದೆ.

ಹೀಗಿರುವಾಗ ಕ್ಲಿನಿಕ್ಕಿಗೆ ಹೊಸ ಇಂಜೆಕ್ಷನ್ ಬಂತು. ಎರಡು ತಿಂಗಳಿಗೊಮ್ಮೆ ಚುಚ್ಚಿಸಿಕೊಂಡರೆ ದಿನಾ ಮಾತ್ರೆ ನುಂಗುವ ಗೋಳಿಲ್ಲ. ಇಬ್ಬರೂ ಒಟ್ಟಿಗೆ ಹೋದೆವು.

"ಹೆಪಟೈಟಿಸ್ ಬಿ ಏನಾದ್ರೂ ಇದ್ಯಾ?" ಎಂದು ನರ್ಸ್ ಇವರನ್ನು ಕೇಳಿದಳು.

"ತುಂಬಾ ಹಿಂದೆ ಇದೆ ಅಂದಿದ್ರು. ಕಾಮಾಲೆ ಗೀಮಾಲೆ ಏನೂ ಬರ್ಲಿಲ್ಲ. ಹೋಯ್ತು ಅದು."

ಇವರು ಸುಳ್ಳು ಹೇಳಲಿಲ್ಲ, ನಂಬಿದ್ದನ್ನೇ ಹೇಳಿದರು. ರಕ್ತ ತೆಗೆದು ನೋಡಬೇಕಿತ್ತು. ನೋಡಲಿಲ್ಲ. ಅವತ್ತು ಮನೆಗೆ ಬಂದವರೇ ಇವರು ಡಬ್ಬಿ ಖಾಲಿ ಮಾಡಿ, ಅಂಗಡಿಯಿಂದ ತಂದ ನಿಜವಾದ ಮೊಳೆಗಳನ್ನು ಅದಕ್ಕೆ ತುಂಬಿದರು. "ಇನ್ಮೇಲೆ ಅಮ್ಮಂಗೆ ಸುಳ್ಳು ಹೇಳಿದ ಹಾಗಾಗಲ್ಲ," ಎಂದು ನಕ್ಕರು. ನನಗೂ ನಗು ತಡೆಯಲಾಗಲಿಲ್ಲ.

ಎರಡನೇ ಸಲ, ಮೂರನೇ ಸಲ ಚುಚ್ಚಿಸಿಕೊಂಡು ಬಂದೆವು. ಆಮೇಲೆ ಇವರಿಗೆ ಅನ್ನ ಸೇರದಾಯಿತು. ಒಂದು ಶಾಲೆಯ ಗೋಡೆಗಳಿಗೆಂದು ಆ ವಾರವೆಲ್ಲ ಹಳದಿ ಕಲಸುತ್ತಿದ್ದರು. ಅಂಗೈಯೂ ಹಳದಿ, ಉಗುರೂ ಹಳದಿ. ಪೇಂಟಿನ ವಾಸನೆಗೇ ಹೊಟ್ಟೆ ಕೆಟ್ಟಿದೆ ಎಂದುಕೊಂಡು, ಕೈ ಸರಿಯಾಗಿ ತೊಳೆಯಿರಿ ಎಂದು ಗದರಿದೆ. ಥಿನ್ನರ್ ಹಾಕಿ ಉಜ್ಜಿದರೂ ಬಣ್ಣ ಬಿಡಲಿಲ್ಲ. ಬೆಳಿಗ್ಗೆ ಕಿಟಕಿಯ ಹತ್ತಿರ ನಿಂತು ನನ್ನ ಕಡೆ ತಿರುಗಿದಾಗ ಕಣ್ಣು ನೋಡಿದೆ. ಬಿಳಿ ಇರಬೇಕಾದ ಕಡೆಯೆಲ್ಲ ಹಳದಿ. ಕಣ್ಣೊಳಗೆ ಯಾರಾದರೂ ಪೇಂಟ್ ಬಳಿದುಕೊಳ್ಳುತ್ತಾರೆಯೇ?

"ಏನಾಯ್ತು?" ಎಂದರು. ಕನ್ನಡಿ ತಂದು ಎದುರು ಹಿಡಿದೆ. ಇವರು ತುಂಬಾ ಹೊತ್ತು ನೋಡಿಕೊಂಡರು.

"ಇದು ನನ್ನ ಲೆಕ್ಕಕ್ಕೇ ಸಿಗದ ಹಳದಿ," ಎಂದರು.

ಆಸ್ಪತ್ರೆಯ ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು. ಡಾಕ್ಟರು ಪಕ್ಕದಲ್ಲಿ ಬಂದು ಕೂತರೆ ಒಳ್ಳೆ ಸುದ್ದಿಯಲ್ಲ.

"ಆ ಹಳೇ ಮಾತ್ರೆ ಎರಡು ವೈರಸ್ಸನ್ನೂ ಹಿಡಿದಿಟ್ಟಿತ್ತಮ್ಮ. ಎಚ್‌ಐವೀನೂ, ಲಿವರಲ್ಲಿರೋ ಹೆಪಟೈಟಿಸ್ ಬೀನೂ. ಇಂಜೆಕ್ಷನ್ ಹಿಡಿಯೋದು ಎಚ್‌ಐವಿ ಒಂದನ್ನೇ. ಮಾತ್ರೆ ನಿಂತ್ಮೇಲೆ ಬಿ ಎದ್ದುಬಿಟ್ಟಿದೆ."

"ನಾನೂ ಅದೇ ಇಂಜೆಕ್ಷನ್ ತಗೊಂಡೆನಲ್ಲ. ನನಗ್ಯಾಕೆ ಏನೂ ಆಗ್ಲಿಲ್ಲ?"

"ನಿಮಗೆ ಬಿ ಇಲ್ಲ. ಲಸಿಕೆ ಹಾಕಿಸ್ಕೊಂಡಿದೀರಿ."

"ಇವರು ಬದುಕ್ತಾರಾ?"

"ಮಾತ್ರೆ ಮತ್ತೆ ಶುರು ಮಾಡಿದೀವಿ. ಈಗ್ಲೇ ಮಾತು ಕೊಡೋಕಾಗಲ್ಲ."

ಹಗಲೂ ಇರುಳೂ ನಾವು ಹೆದರಿದ್ದು ಒಂದಕ್ಕೆ. ಹೆದರಬೇಕಾದದ್ದು ಸದ್ದಿಲ್ಲದೆ ಒಳಗೇ ಕೂತಿತ್ತು. ಡಾಕ್ಟರಮ್ಮ ಏಳುತ್ತಾ ಇನ್ನೊಂದು ಮಾತು ಹೇಳಿದರು: "ಇವರ ತಾಯಿ ಇದ್ರೆ ಅವರನ್ನೂ ಪರೀಕ್ಷೆ ಮಾಡ್ಬೇಕು."

ಯಾಕೆ ಎಂದು ಹೇಳದೆ ಅತ್ತೆಯ ರಕ್ತ ತೆಗೆಸುವುದು ಹೇಗೆ? ಬಿ ಎದ್ದ ಕತೆ ಹೇಳಬೇಕೆಂದರೆ ನಿಲ್ಲಿಸಿದ ಮಾತ್ರೆ ಯಾತರದ್ದು ಎಂದೂ ಹೇಳಬೇಕು. ಕೊನೆಗೆ ಇವರೇ ಹಾಸಿಗೆಯಿಂದ ಹೇಳಿದರು. "ಅಮ್ಮಾ, ನಂಗೆ ಎಚ್‌ಐವಿ ಇದೆ. ತುಂಬಾ ವರ್ಷದಿಂದ."

ಅತ್ತೆ ನನ್ನ ಮುಖ ನೋಡಿದರು. "ನನಗೂ ಇದೆ ಅತ್ತೆ," ಎಂದೆ. ಅವರು ಅಳಲಿಲ್ಲ, ಬೈಯಲೂ ಇಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ರಕ್ತ ಕೊಡಲು ತೋಳು ಚಾಚಿದರು.

ಅತ್ತೆಗೆ ಎಚ್‌ಐವಿ ಇರಲಿಲ್ಲ. ಹೆಪಟೈಟಿಸ್ ಬಿ ಇತ್ತು. ಅವರ ಲಿವರಿಗೂ ಪೆಟ್ಟು ಬಿದ್ದಿತ್ತು, ಅವರೂ ಇನ್ನು ದಿನಾ ಮಾತ್ರೆ ನುಂಗಬೇಕು. ಮಗನಿಗೆ ಅದು ಬಹುಶಃ ಹುಟ್ಟುವಾಗಲೇ ಬಂದಿರಬೇಕು ಎಂದು ಡಾಕ್ಟರಮ್ಮ ಮೆಲ್ಲಗೆ ಹೇಳಿದರು. ಯಾರಿಗೆ ತಗುಲಬಾರದೆಂದು ಟವೆಲನ್ನೂ ಬೇರೆ ಒಗೆದೆನೋ ಅವರಿಂದಲೇ ಬಂದದ್ದು ಇದು. ಅವರ ಮೇಲೆ ಸಿಟ್ಟು ಬರಲಿಲ್ಲ. ಯಾರ ಮೇಲೆ ಬರಬೇಕು ಎಂದೇ ತಿಳಿಯಲಿಲ್ಲ.

ಇವರು ಉಳಿದರು. ಹಾಳಾದಷ್ಟು ಲಿವರ್ ಹಾಳಾಯಿತು, ಮಿಕ್ಕದ್ದನ್ನು ಕಾಪಾಡಿಕೊಳ್ಳಬೇಕಂತೆ. ಮನೆಗೆ ಕರೆತಂದ ದಿನ ಅತ್ತೆ ಮಗನನ್ನು ಕಿಟಕಿಯ ಹತ್ತಿರ ಕೂರಿಸಿ, ತಾವೂ ಎದುರು ಕೂತರು.

"ಸರಿಯಾಗಿ ನೋಡಿ ಹೇಳು. ನನ್ನ ಕಣ್ಣಲ್ಲಿ ಏನಾದ್ರೂ ಕಾಣತ್ತಾ?"

ಇವರು ಅಮ್ಮನ ಗಲ್ಲ ಹಿಡಿದು, ಗಿರಾಕಿ ತಂದ ಚಕ್ಕೆಯನ್ನು ನೋಡುವ ಹಾಗೆ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದರು.

"ಏನೂ ಇಲ್ಲಮ್ಮಾ."

"ನಿನ್ನ ಕಣ್ಣಲ್ಲೂ ಏನೂ ಇರ್ಲಿಲ್ಲವಲ್ಲೋ, ಇಷ್ಟು ವರ್ಷ," ಎಂದರು ಅತ್ತೆ.

ಅತ್ತೆ ಎದ್ದು ಹೋಗಿ ಡಬ್ಬಿ ತಂದರು. ಮೊಳೆಗಳನ್ನೆಲ್ಲ ಕಿಟಕಿಯ ಕಟ್ಟೆಯ ಮೇಲೆ ಸುರಿದು, ಡಬ್ಬಿಯನ್ನು ಸೆರಗಿನಿಂದ ಒರೆಸಿ, ತಮ್ಮ ಮಾತ್ರೆಗಳನ್ನು ಅದರೊಳಗಿಟ್ಟರು. ಆಮೇಲೆ ಮಗನ ಮಾತ್ರೆಗೆ ಕೈ ಚಾಚಿದರು.