ಜೋರಾಗಿ ಎಳೆಯುವ ಪಂಪ್

ಹಳೆಯ ಪೂಲ್ ಒಡೆದ ದಿನದಿಂದ ವೈಶಾಲಿಗೆ ನೀರು ಕಂಡರೆ ಎದೆ ಡವಡವ. ಪೂಲ್ ಎಂದರೆ ನೆಲ ಅಗೆದು ಕಟ್ಟಿಸಿದ್ದೇನಲ್ಲ. ಮುಂಬಯಿಯ ಭಾಂಡುಪ್‌ನಲ್ಲಿನ ನೆಲಮಹಡಿ ಮನೆಯ ಹಿಂದಿನ ಅಂಗಳದಲ್ಲಿ ಕಬ್ಬಿಣದ ಪೈಪುಗಳ ಚೌಕಟ್ಟು ನಿಲ್ಲಿಸಿ, ಅದಕ್ಕೆ ದಪ್ಪ ಪ್ಲಾಸ್ಟಿಕ್ ಬಿಗಿದು, ಎದೆಮಟ್ಟ ನೀರು ತುಂಬಿಸುವಂಥದ್ದು. ಗಂಡ ಶಶಿಕಾಂತ ಅದನ್ನು ತಂದದ್ದು ತನ್ನ ತಾಯಿ ಬಸಲಿಂಗವ್ವನಿಗಾಗಿ. ಪಾರ್ಶ್ವವಾಯು ಬಡಿದು ಎಡಗಾಲು ಸೋತ ಮೇಲೆ, ನೀರಿನಲ್ಲಿ ನಡೆಸಿ ಎಂದಿದ್ದರು ಡಾಕ್ಟರು. ನೆಲದ ಮೇಲೆ ನೆಟ್ಟಗೆ ನಿಲ್ಲಲಾರದ ಮುದುಕಿ ನೀರಿನಲ್ಲಿ ಸೊಸೆಯ ಕೈ ಹಿಡಿದು ನಡೆಯುತ್ತಿದ್ದರು. ಬೆಳಿಗ್ಗೆ ಮಗ ಎತ್ತಿ ಇಳಿಸಿ ಸ್ನಾನಕ್ಕೆ ಹೋಗುವನು, ಸ್ನಾನ ಮುಗಿಸಿ ಬಂದು ಮೇಲೆತ್ತಿ ಲೋಕಲ್ ರೈಲು ಹಿಡಿಯಲು ಓಡುವನು.

ಒಂದು ದಿನ ಅವನು ತಾಯಿಯನ್ನು ಹೊರಗೆ ಕೂರಿಸಿದ್ದೇ ತಡ, ತುಕ್ಕು ತಿಂದ ಕೀಲು ಕಳಚಿ ಪೂಲ್ ಬಾಯಿಬಿಟ್ಟಿತು. ನೀರು ಪಕ್ಕದ ಮನೆಯವರ ಅಕ್ಕಿ ಚೀಲದ ತನಕ ನುಗ್ಗಿತು. ಪಕ್ಕದವರನ್ನು ಹೇಗೋ ಸಮಾಧಾನ ಮಾಡಿದ್ದಾಯಿತು. ಬಸಲಿಂಗವ್ವ ಮಾತ್ರ ಮಂಚ ಹಿಡಿದರು.

"ಇನ್ನ ನನ್ನ ನೀರಿಗೆ ಇಳಸಬ್ಯಾಡ್ರಿ. ಇದ್ದಷ್ಟು ದಿನ ಹಿಂಗ ಬಿದ್ದಿರತೀನಿ."

ಹಾಗೆ ಮಲಗಿದವರ ಕಾಲು ದಿನದಿಂದ ದಿನಕ್ಕೆ ಕಟ್ಟಿಗೆಯಾಗತೊಡಗಿತು. ವೈಶಾಲಿ ಕಾಡಿ ಬೇಡಿ, ಕೊನೆಗೆ ಊಟ ಬಿಡುತ್ತೇನೆಂದು ಹೆದರಿಸಿ ಅವರನ್ನು ಒಪ್ಪಿಸಿದಳು. ಇನ್ನೊಮ್ಮೆ ಹೆದರಿದರೆ ಅತ್ತೆ ಮತ್ತೆಂದೂ ನೀರಿಗೆ ಕಾಲಿಡುವುದಿಲ್ಲ, ನಡೆಯುವುದೂ ಅಲ್ಲಿಗೆ ಮುಗಿಯಿತು ಎಂಬುದು ಅವಳಿಗೆ ಗೊತ್ತಿತ್ತು.

"ಈ ಸಲ ನೈಟಿ ಹಾಕ್ಕೋರಿ ಅತ್ತಿ, ಹಗುರ ಆಗತೈತಿ" ಎಂದಳು.

"ಅದೂ ಒಂದ ಅರಿವಿ ಏನ? ನಾ ಸೀರಿ ಬಿಟ್ಟ ಮಂದಿ ಮುಂದ ಬರಾಕಿ ಅಲ್ಲ."

ಹೊಸ ಪೂಲಿಗೆಂದು ಗಂಡ ಹೆಂಡತಿ ಮಲಾಡಿನ ಅಂಗಡಿಗೆ ಹೋದರು. ವೈಶಾಲಿ ಒಂದೊಂದು ಪೈಪನ್ನೂ ಬೆರಳಿನಿಂದ ಬಡಿದು ನೋಡಿದಳು, ಕೀಲುಗಳನ್ನು ಅಲ್ಲಾಡಿಸಿದಳು. ಇದು ಒಡೆಯುವುದಿಲ್ಲ ತಾನೆ ಎಂದು ಕೇಳಿ ಕೇಳಿ ಅಂಗಡಿಯ ಮನೀಶನ ತಲೆ ತಿಂದಳು. ಆಮೇಲೆ ನೀರನ್ನು ಎಳೆದು ಸೋಸಿ ಮತ್ತೆ ಪೂಲಿಗೆ ಬಿಡುವ ಪಂಪಿನ ಸರದಿ. ಹಳೆಯ ಪಂಪಿನಿಂದ ನೀರು ಎಂದೂ ತಿಳಿಯಾಗಿರಲಿಲ್ಲ, ವಾರ ಕಳೆಯುವುದರಲ್ಲಿ ಹಸಿರು ಲೋಳೆ. ಮನೀಶ ಈ ಅಳತೆಯ ಪೂಲಿಗೆ ಇದು ಸಾಕು ಎಂದು ಒಂದನ್ನು ತೊಟ್ಟಿಯಲ್ಲಿಟ್ಟು ಓಡಿಸಿ ತೋರಿಸಿದ.

ವೈಶಾಲಿ ವಿಜಯಪುರದ ಕಡೆಯವಳು. ಅವಳ ಅಪ್ಪ ಬೋರಿಗೆ ಪಂಪ್ ಕೊಳ್ಳುವಾಗ ಪೈಪಿನ ಬಾಯಿಗೆ ಅಂಗೈ ಒಡ್ಡುತ್ತಿದ್ದ. ಕೈ ಬಿಡದೆ ಹಿಡಿದು ಎಳೆದರೆ ಅದು ಪಂಪ್, ಉಳಿದವೆಲ್ಲ ಆಟಿಕೆ ಸಾಮಾನು. ಮಗಳೂ ಹಾಗೆಯೇ ಅಂಗೈ ಒಡ್ಡಿದಳು. ಮನೀಶನ ಪಂಪ್ ಸುಮ್ಮನೆ ಕಚಗುಳಿ ಇಟ್ಟಿತು. ಪಕ್ಕದ ದೊಡ್ಡದು ಅಂಗೈಯನ್ನು ಕಚ್ಚಿ ಹಿಡಿದು ಕೆಂಪು ಉಂಗುರ ಮೂಡಿಸಿತು.

"ಇದ ಇರಲಿ" ಎಂದಳು.

"ಇಷ್ಟ ಪೂಲಿಗೆ ಅಷ್ಟ ಜೋರ್ ಯಾಕ ಬೇಕ?" ಎಂದ ಶಶಿಕಾಂತ.

"ನಿಮಗ ಪಂಪಿಂದು ಏನ್ ತಿಳಿತೈತ್ರಿ?"

ಬುದ್ಧಿವಂತ ಗಂಡ, ಪಾಕೀಟು ತೆಗೆದ. ದೊಡ್ಡದು ಮಾರಾಟವಾಗುವಾಗ ಮನೀಶನೇಕೆ ಬೇಡವೆಂದಾನು? ಮನೆಗೆ ತಂದು ಕೂರಿಸುವಾಗ ಪೂಲಿನ ಗೋಡೆಯ ತೂತಿನಿಂದ ನೀರೆಳೆಯುವ ದಪ್ಪ ಪೈಪಿನ ಬಾಯಿಗೆ ಜಾಲರಿ ಮುಚ್ಚಳ ಹೊಂದಲಿಲ್ಲ. ವೈಶಾಲಿ ಅದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಮರೆತಳು.

ಮೊದಲ ದಿನ ಅತ್ತೆಯ ಜೊತೆ ನೀರಿಗಿಳಿದವಳ ಕಣ್ಣೆಲ್ಲ ಕೀಲುಗಳ ಮೇಲೆಯೇ. ಎಲ್ಲಿ ಕಿರ್ ಎಂದರೂ ಥಟ್ಟನೆ ಆ ಕಡೆ ತಿರುಗುತ್ತಿದ್ದಳು. ಪಂಪಿನ ಬಗ್ಗೆ ಮಾತ್ರ ಚಿಂತೆಯಿರಲಿಲ್ಲ. ನೀರಿನ ತಳದಲ್ಲಿ ಅತ್ತೆಯ ಕಾಲುಂಗುರ ಕಾಣುವಷ್ಟು ತಿಳಿ. ಅವಳು ಒಳಗೊಳಗೇ ಬೀಗಿದಳು.

"ಸೆರಗ ಎಳಿಬ್ಯಾಡ ವೈಶಾಲಿ" ಎಂದರು ಬಸಲಿಂಗವ್ವ.

"ನಾ ಎಲ್ಲಿ ಎಳದೇನ್ರಿ ಅತ್ತಿ?"

ಇಬ್ಬರೂ ಕೆಳಗೆ ನೋಡಿದರು. ಇಳಕಲ್ ಸೀರೆಯ ಉದ್ದನೆಯ ಸೆರಗು ಪೂಲಿನ ಗೋಡೆಯ ತೂತಿನೊಳಗೆ ಸರಸರನೆ ಹೋಗುತ್ತಿತ್ತು. ವೈಶಾಲಿ ಒಂದು ಕೈಯಿಂದ ಜಗ್ಗಿದಳು, ಬರಲಿಲ್ಲ. ಹೆಗಲ ಮೇಲಿನ ಬಟ್ಟೆ ಬಿಗಿಯುತ್ತ ಮುದುಕಿಯನ್ನು ಗೋಡೆಯ ಕಡೆಗೆ ಬಾಗಿಸಿತು. ನೀರು ಗಲ್ಲ ಮುಟ್ಟಿತು.

"ಏನ್ರೀ! ಪಂಪ್ ಆರಸ್ರೀ!" ಎಂದು ಕಿರುಚಿದಳು. ಬಚ್ಚಲಿನಲ್ಲಿ ನಲ್ಲಿ ಭೋರ್ಗರೆಯುತ್ತಿತ್ತು. ಸ್ವಿಚ್ ಇದ್ದದ್ದು ಅಡುಗೆಮನೆಯ ಬಾಗಿಲ ಬಳಿ. ಹೋಗಬೇಕೆಂದರೆ ಅತ್ತೆಯ ಕೈ ಬಿಡಬೇಕು. ಕೈ ಬಿಟ್ಟು ಅವರನ್ನು ಒಮ್ಮೆಯೂ ನಿಲ್ಲಿಸಿದವಳಲ್ಲ. ತಾನೇ ಹಟ ಹಿಡಿದು ತಂದ ಪಂಪ್, ತಾನೇ ಇಳಿಸಿದ ನೀರು, ಶಿವನೇ, ನಾನೇ ಕೊಂದೆನಲ್ಲ ಎಂದು ಅವಳಿಗೆ ಅಳು ಬಂತು.

"ಕೈ ಬಿಡು" ಎಂದರು ಬಸಲಿಂಗವ್ವ.

"ಬಿಟ್ಟರ ಬೀಳತೀರಿ!"

"ಬಿಡಬೇ! ಹೋಗಿ ಆರಸು!"

ಬಿಟ್ಟಳು. ಪೂಲಿನ ಮೆಟ್ಟಿಲು ಹತ್ತಿ ಹೊರಗಿಳಿದು, ಅಂಗಳದಲ್ಲಿ ಜಾರಿ, ಎದ್ದು ಸ್ವಿಚ್ಚಿಗೆ ಬಡಿದಳು. ಪಂಪಿನ ಸದ್ದು ಅಡಗಿತು. ಹಿಂದಿರುಗಿ ನೋಡಲು ಧೈರ್ಯ ಬರಲಿಲ್ಲ. ಬಾಗಿಲಿನ ಚೌಕಟ್ಟು ಹಿಡಿದು, ಏನಾದರೂ ಕೇಳಿಸೀತೆಂದು ಕಾದಳು.

"ಸೀರಿ ನುಂಗತಲ್ಲೇ ನಿನ್ನ ಪಂಪು!"

ಸೀರೆ ಅರ್ಧ ತೂತಿನಲ್ಲಿತ್ತು, ಅರ್ಧ ನೀರ ಮೇಲೆ ತೇಲುತ್ತಿತ್ತು. ಅದನ್ನು ಬಿಚ್ಚಿ ಎಸೆದ ಬಸಲಿಂಗವ್ವ ಕುಬಸ, ಒಳಲಂಗದಲ್ಲಿ ಪೂಲಿನ ನಡುವೆ ನಿಂತಿದ್ದರು. ಯಾರ ಕೈಯನ್ನೂ ಹಿಡಿದಿರಲಿಲ್ಲ.

ಅಷ್ಟರಲ್ಲಿ ತಲೆ ತುಂಬ ಸೋಪಿನ ನೊರೆಯೊಂದಿಗೆ ಶಶಿಕಾಂತ ಓಡಿಬಂದ.

"ಆ ಕಡಿ ಮಾರಿ ಮಾಡೋ!" ಎಂದು ತಾಯಿ ಗದರಿದರು. ಅವನು ಗೋಡೆಗೆ ಮುಖ ಮಾಡಿ ನಿಂತ.

ವೈಶಾಲಿ ಪೂಲಿನ ಮೆಟ್ಟಿಲು ಹತ್ತಿ ತುದಿಯಲ್ಲಿ ಕೂತು, ಮುಖ ಮುಚ್ಚಿಕೊಂಡು ಅತ್ತಳು. ಇನ್ನು ಅತ್ತೆ ನೀರಿಗೆ ಇಳಿದ ಹಾಗೇ ಎಂದು ಅವಳ ಮನಸ್ಸು ಹೇಳುತ್ತಿತ್ತು. ನೀರು ಕಲಕಿದ ಸದ್ದಾಯಿತು. ತಲೆಯೆತ್ತಿದರೆ ಬಸಲಿಂಗವ್ವ ಎಡಗಾಲು ಎಳೆಯುತ್ತ, ಒಬ್ಬರೇ, ಅವಳ ಕಡೆಗೇ ಬರುತ್ತಿದ್ದರು. ಬಂದು ಅವಳ ಮೊಣಕಾಲ ಮೇಲೆ ಒದ್ದೆ ಕೈ ಇಟ್ಟರು.

"ಅಳಬ್ಯಾಡ ಸುಮ್ಮನಿರು. ಒಂದ ಸಣ್ಣ ಪಂಪ ತರಸು. ಮತ್ತ ಅದೇನೋ ನೈಟಿ ಅಂತಿದ್ದೆಲ್ಲ, ತಗದಿಡು. ನಾಳೆ ಬೇಕಾಗತೈತಿ."