ಕಳಿಸಿದ್ದೇವೆ, ನೋಡ್ಕೊಳ್ಳಿ

"ನಿಮ್ಮಕ್ಕ ಏನಾದ್ರೂ ಬರೆದ್ರಾ?" ಎಂದು ಹೆಂಡತಿ ಕೇಳಿದಾಗ ಅವನು ಒಂದು ಕಾಲಿಗೆ ಮಾತ್ರ ಷೂ ಹಾಕಿದ್ದ.

"ಲ್ಯಾಬಿನ ಸರ್ವರ್ ಸರಿಯಿಲ್ಲ ಅಂದೆನಲ್ಲ."

"ಫೋನ್ ಮಾಡಬಹುದಲ್ಲ ರೀ."

ಅವನು ಲೇಸು ಕಟ್ಟುವುದರಲ್ಲಿ ಮುಳುಗಿದ. ಫೋನಿನಲ್ಲಿ ದನಿ ಕೇಳಿಸುತ್ತದೆ. ಇ-ಮೇಲಿನಲ್ಲಿ ಆ ಕಾಟವಿಲ್ಲ.

ತಾಯಿ ಸತ್ತ ಮೇಲೆ ಅವನನ್ನು ಸಾಕಿದವಳು ಅಕ್ಕ. ಮೊನ್ನೆಮೊನ್ನೆಯವರೆಗೂ ಅವನ ಮನೆಯಲ್ಲೇ ಇದ್ದಳು. ಒಂದು ರಾತ್ರಿ ಊಟಕ್ಕೆ ಬಂದವರ ಮುಂದೆ, ಅವಳು ಯಾವುದೋ ಮಾತಿಗೆ ಅಡ್ಡ ಬಂದಳೆಂದು, "ಬಿಟ್ಟಿ ಊಟಕ್ಕೆ ಇಷ್ಟು ದರ್ಬಾರಾ?" ಎಂದುಬಿಟ್ಟಿದ್ದ. ಬಂದವರು ನಕ್ಕರು. ಅಕ್ಕ ಎಲ್ಲರ ತಟ್ಟೆ ತೊಳೆದಿಟ್ಟು ಮಾರನೆಯ ಬೆಳಿಗ್ಗೆ ಚೀಲ ಹಿಡಿದು ಹೊರಟಳು. ಅವನು ಬಾಗಿಲವರೆಗೂ ಬರಲಿಲ್ಲ. ಆಮೇಲೆ ತಾನು ಕೆಲಸ ಮಾಡುವ ಲ್ಯಾಬಿನಿಂದ ಒಂದು ಮೇಲ್ ಬರೆದ: ತಪ್ಪಾಯ್ತು, ಮನೆಗೆ ಬಾ. ಉತ್ತರವಿಲ್ಲ.

ರಕ್ತ ಪರೀಕ್ಷೆ ಮಾಡುವ ಆ ಲ್ಯಾಬಿನಲ್ಲಿ ಅವನಿಗೆ ಅಂಚೆಯಣ್ಣ ಎಂದು ಹೆಸರು. ಎಂಜಿನಿಯರಿಂಗ್ ಓದಿದವನು ಅದನ್ನು ನುಂಗಿಕೊಂಡಿದ್ದ. ರೋಗಿಗಳಿಗೆ ರಿಪೋರ್ಟು ಹೋಗುವುದು ಅವನು ನೋಡಿಕೊಳ್ಳುವ ಸರ್ವರಿನಿಂದ. ಕಳೆದ ತಿಂಗಳು ಲ್ಯಾಬು ಇಂಟರ್ನೆಟ್ ಲೈನು ಬದಲಿಸಿತು, ಸರ್ವರಿನ ವಿಳಾಸವೂ ಬದಲಾಯಿತು. ಲ್ಯಾಬಿನ ಹೆಸರಲ್ಲಿ ಮೇಲ್ ಬಂದರೆ ಹೊರಗಿನ ಸರ್ವರುಗಳು ಒಂದು ಸಾಲನ್ನು ತೆಗೆದು ನೋಡುತ್ತವೆ. ಈ ವಿಳಾಸದಿಂದ ಬಂದದ್ದು ಮಾತ್ರ ನಮ್ಮದು ಎಂದು ಲ್ಯಾಬೇ ಎಲ್ಲರಿಗೂ ಕಾಣುವಂತೆ ಬರೆದಿಟ್ಟ ಸಾಲು. ಅದರಲ್ಲಿ ಹಳೆಯ ವಿಳಾಸವೇ ಉಳಿದಿತ್ತು. ರಿಪೋರ್ಟುಗಳೆಲ್ಲ ಕಳ್ಳರ ಪತ್ರಗಳೆಂದು ಕಸಕ್ಕೆ ಬೀಳುತ್ತಿದ್ದವು.

ಇದು ಅವನಿಗೆ ಎರಡನೆಯ ದಿನವೇ ಗೊತ್ತಾಗಿತ್ತು. ಸೀನುವಷ್ಟು ಹೊತ್ತಿನ ಕೆಲಸ. ಆದರೂ ಮ್ಯಾನೇಜರಿಗೆ, ಬಹಳ ದೊಡ್ಡ ತೊಂದರೆ, ಬುಡದಿಂದ ಹುಡುಕಬೇಕು ಎಂದು ಹೇಳಿ ಕುಳಿತ. ಸರ್ವರ್ ಕೆಟ್ಟಿರುವಷ್ಟು ಕಾಲ ಅಕ್ಕನ ಮೌನ ಮೌನವಲ್ಲ, ಮೇಲ್ ತಲುಪಿಲ್ಲ, ಅಷ್ಟೆ. ಆ ನೆಮ್ಮದಿಯಲ್ಲಿ ಅವನು ಹೊಟ್ಟೆ ತುಂಬ ಉಂಡು ನಿದ್ದೆ ಮಾಡಿದ್ದ.

ಇವತ್ತು ಮ್ಯಾನೇಜರ್ ಬಾಗಿಲಲ್ಲೇ ನಿಂತು, ಮಧ್ಯಾಹ್ನದೊಳಗೆ ಆಗದಿದ್ದರೆ ಹೊರಗಿನವರನ್ನು ಕರೆಸುತ್ತೇನೆ ಎಂದರು. ಅವನು ಸಾಲು ಬದಲಿಸಿದ. ಸರಿಹೋಯಿತೇ ಎಂದು ತನಗೇ ಕಳಿಸಿಕೊಂಡ ಮೇಲ್ ಅವನ ಮೊಬೈಲಿನಲ್ಲಿ ಸದ್ದು ಮಾಡಿತು. ಮ್ಯಾನೇಜರ್ ಬೆನ್ನು ತಟ್ಟಿ ಹೋದರು.

ಇನ್ನು ಅಕ್ಕನಿಗೆ ಮತ್ತೊಮ್ಮೆ ಕಳಿಸಬೇಕು. ಹಳೆಯ ಮೇಲನ್ನು ಹುಡುಕಲು, ಯಾವ ಮೇಲ್ ಯಾವಾಗ ಹೋಯಿತೆಂದು ದಾಖಲಾಗುವ ಸರ್ವರಿನ ಲಾಗ್ ತೆರೆದ. ಮೇಲ್ ಹೋದದ್ದು ಬೆಳಿಗ್ಗೆ. ಲೈನು ಬದಲಾದದ್ದು ಅದೇ ದಿನ ಸಂಜೆ.

ಯಾವ ಅಡ್ಡಿಯೂ ಇಲ್ಲದೆ ಅದು ಅಕ್ಕನನ್ನು ತಲುಪಿತ್ತು. ಇಷ್ಟು ದಿನವೂ ಅವಳ ಕೈಯಲ್ಲೇ ಇತ್ತು.

ಮೊದಲು ನಾಚಿಕೆಯಾಯಿತು. ಆಮೇಲೆ, ನಾಚಿಕೆಯನ್ನೂ ಹಿಂದಿಕ್ಕಿ, ಅಕ್ಕನ ಮೇಲೆ ಸಿಟ್ಟು ಬಂತು. ಓದಿಯೂ ಸುಮ್ಮನಿದ್ದಾಳಲ್ಲ.

ಹೆಂಡತಿ ಫೋನ್ ಮಾಡಿದಳು. "ಸರಿಹೋಯ್ತಾ?"

"ಇನ್ನೂ ಇಲ್ಲ."

"ಹಾಗಾದ್ರೆ ಪಾಪ, ಅವರಿಗೆ ನೀವು ಬರೆದಿದ್ದೇ ಗೊತ್ತಿಲ್ಲ."

"ಗೊತ್ತಿಲ್ಲ."

ಫೋನಿಟ್ಟು ಪರದೆ ನೋಡಿದ. ಹೆಂಡತಿಗೆ ಸುಳ್ಳು ಹೇಳುವವನೆಂದು ಅವನು ತನ್ನನ್ನು ಎಂದೂ ತಿಳಿದುಕೊಂಡಿರಲಿಲ್ಲ. ಸಾಲಿನಲ್ಲಿದ್ದ ಹೊಸ ವಿಳಾಸವನ್ನು ಅಳಿಸಿ, ಹಳೆಯದನ್ನೇ ಬರೆದ. ಈಗ ಹೇಳಿದ್ದು ನಿಜವಾಯಿತು. ಹೊರಗಿನ ಸರ್ವರುಗಳಿಗೆಲ್ಲ ಈ ಬದಲಾವಣೆ ಮುಟ್ಟುವವರೆಗೂ ಕುರ್ಚಿಯಲ್ಲೇ ಕುಳಿತಿದ್ದು ಸಂಜೆ ಎದ್ದ.

ಹೊರಗೆ ಕೌಂಟರಿನ ಹುಡುಗಿ ಯಾರಿಗೋ ಹೇಳುತ್ತಿದ್ದಳು. "ಈಗ ಎಲ್ಲ ಸರಿಹೋಗಿದೆ ಅಮ್ಮ. ನಿಮ್ಮ ಮಗೂದು ರಿಪೋರ್ಟು ಕಳಿಸಿದ್ದೇವೆ, ನೋಡ್ಕೊಳ್ಳಿ."

ಆ ಹೆಂಗಸು ಮೊಬೈಲನ್ನು ಹೆಬ್ಬೆರಳಿನಿಂದ ಎಳೆದೆಳೆದು ನೋಡಿದಳು. ಇಲ್ಲಿ ಸಿಗ್ನಲ್ ಸಾಲದೇನೋ ಎಂದುಕೊಂಡು ಅವನು ನಿಂತಿದ್ದ ಕಿಟಕಿಯ ಹತ್ತಿರ ಬಂದಳು. ಅವನು ಪಕ್ಕಕ್ಕೆ ಸರಿದು ಜಾಗ ಬಿಟ್ಟ. ಅವಳು ಥ್ಯಾಂಕ್ಸ್ ಅಂದು, ಮೊಬೈಲು ಹಿಡಿದ ಕೈಯನ್ನು ಕಿಟಕಿಯಿಂದ ಹೊರಗೆ ಚಾಚಿ, ಇನ್ನಷ್ಟು ಮೇಲಕ್ಕೆ ಎತ್ತಿದಳು.